ಬಲಗಡೆ 90, ಎಡಗಡೆ 25: ಎರಡೂ ಕಡೆ ಹಾಲು ಸಮ ಬಾರದಿದ್ದಾಗ

ಮುಂಬೈಯ ಮುಲುಂಡ್‌ನ ನಮ್ಮ ಅಡುಗೆಮನೆ ಕಟ್ಟೆಯ ಮೇಲೆ ಎರಡು ಬಾಟಲಿ ಪಕ್ಕಪಕ್ಕ ಇಟ್ಟಿದ್ದೆ. ಬಲಗಡೆಯದರಲ್ಲಿ 90 ಎಂ.ಎಲ್., ಎಡಗಡೆಯದರಲ್ಲಿ 25. ಎದೆಹಾಲು ಹಿಂಡುವ ಒಂದೇ ಪಂಪು, ಅದೇ ಇಪ್ಪತ್ತು ನಿಮಿಷ, ಮೈಯೂ ಒಂದೇ. ಮಗಳಿಗೆ ಆಗ ನಾಲ್ಕು ತಿಂಗಳು. ರಜೆ ಮುಗಿಯಲು ಐದು ವಾರ ಬಾಕಿ. ನಾನು ಅಕೌಂಟ್ಸ್‌ನಲ್ಲಿ ಕೆಲಸ ಮಾಡುವವಳು. ಎರಡು ಕಾಲಂ ತಾಳೆಯಾಗದಿದ್ದರೆ ನನಗೆ ಊಟ ಸೇರುವುದಿಲ್ಲ. ಬಾಟಲಿ ನೋಡುತ್ತಾ ಅಳು ಬಂತು.

ಬಾಣಂತನಕ್ಕೆ ಧಾರವಾಡದಿಂದ ಬಂದ ಅವ್ವ ಇನ್ನೂ ಇದ್ದಳು. ಬಾಟಲಿ ಎತ್ತಿ ಬೆಳಕಿಗೆ ಹಿಡಿದು ನೋಡಿ ನಕ್ಕಳು. "ಎಮ್ಮಿಗೆ ನಾಕು ಮೊಲಿ ಇರ್ತಾವ. ಹಿಂದಿನ ಎರಡು ಜಾಸ್ತಿ ಕೊಡ್ತಾವ, ಮುಂದಿನವು ಕಡಿಮಿ. ಅದಕ್ಕ ಎಮ್ಮಿ ಕುಂತು ಅಳ್ತೈತೇನು?"

ಆ ಹೊತ್ತಿಗೆ ಸಿಟ್ಟು ಬಂತು. ಆದರೆ ಎಮ್ಮೆ ಕಟ್ಟಿ ಹಾಲು ಹಿಂಡಿದವಳ ಮಾತು ಸರಿಯಾಗಿಯೇ ಇತ್ತು. ತಕ್ಕಡಿಯಲ್ಲಿ ತೂಗಿದ ಹಾಗೆ ಎರಡೂ ಕಡೆ ಸಮ ಹಾಲು ಬರುವ ತಾಯಂದಿರೇ ಕಡಿಮೆ. ಒಂದು ಕಡೆ ಹಾಲು ಮಾಡುವ ಗ್ರಂಥಿ ಜಾಸ್ತಿ ಇರಬಹುದು, ನಾಳಗಳ ಸಂಖ್ಯೆ ಬೇರೆ ಇರಬಹುದು, ಹಿಂದೆ ಯಾವಾಗಲೋ ಒಂದು ಕಡೆ ಆಪರೇಷನ್ ಆಗಿರಬಹುದು. ಇವನ್ನೆಲ್ಲ ಬದಲಾಯಿಸಲು ಆಗುವುದಿಲ್ಲ. ಹಾಗಾಗಿ ಏನಾದರೂ ಮಾಡಲು ಹೊರಡುವ ಮೊದಲು ಇಷ್ಟು ನೋಡಿಕೊಳ್ಳಿ: ಕೂಸಿಗೆ ಒಟ್ಟು ಹಾಲು ಸಾಕಾಗುತ್ತಿದೆಯಾ?

ದಿನಕ್ಕೆ ಆರು ಸಲವಾದರೂ ಲಂಗೋಟಿ ಚೆನ್ನಾಗಿ ಒದ್ದೆಯಾಗುತ್ತಿದ್ದರೆ, ಉಚ್ಚೆಗೆ ಗಾಢ ಬಣ್ಣ ಇಲ್ಲದಿದ್ದರೆ, ಲಸಿಕೆ ಕಾರ್ಡಿನಲ್ಲಿ ತೂಕದ ಗೆರೆ ಮೇಲಕ್ಕೆ ಹೋಗುತ್ತಿದ್ದರೆ ಸಾಕಾಗುತ್ತಿದೆ ಎಂದೇ ಅರ್ಥ. ಒಂದರಿಂದ ಆರು ತಿಂಗಳ ನಡುವೆ ಬರೀ ಎದೆಹಾಲು ಕುಡಿಯುವ ಮಗು ದಿನಕ್ಕೆ ಸರಾಸರಿ 750ರಿಂದ 800 ಎಂ.ಎಲ್. ಕುಡಿಯುತ್ತದೆ. ಅದರಲ್ಲಿ 550 ಬಲದಿಂದ, 200 ಎಡದಿಂದ ಬಂದರೂ ಹೊಟ್ಟೆಗೆ ಲೆಕ್ಕ ಒಂದೇ. ಅವಳಿ ಮಕ್ಕಳ ತಾಯಂದಿರು ಒಂದೊಂದು ಕಡೆ ಒಂದೊಂದು ಕೂಸನ್ನು ಬೆಳೆಸುತ್ತಾರೆ, ಅಲ್ವಾ?

ಇನ್ನೊಂದು ಮಾತು. ಪಂಪಿಗೆ ಬಂದದ್ದೇ ಎದೆಯಲ್ಲಿದ್ದ ಹಾಲು ಎಂದು ತಿಳಿಯಬೇಡಿ. ಚೆನ್ನಾಗಿ ಬಾಯಿ ಹಾಕಿ ಕುಡಿಯುವ ಕೂಸು ಎಷ್ಟೋ ಪಂಪಿಗಿಂತ ಚೆನ್ನಾಗಿ ಎಳೆಯುತ್ತದೆ. ಮಗು ಕುಡಿದಾದ ಮೇಲೆ ಪಂಪ್ ಮಾಡಿದರೆ ಎರಡೂ ಕಡೆ ಸೇರಿ 15ರಿಂದ 60 ಎಂ.ಎಲ್. ಬಂದರೂ ಸಹಜವೇ. ನಾನು ಈ ಲೆಕ್ಕ ಗೊತ್ತಿಲ್ಲದೆ ಒಂದು ವಾರ ಸುಮ್ನೆ ಕೊರಗಿದೆ.

ಎಲ್ಲ ಸರಿಯಿದ್ದರೆ ಬಿಟ್ಟುಬಿಡಬಹುದಿತ್ತು. ನಾನು ಬಿಡಲಿಲ್ಲ. ಬಲಗಡೆ ಎಷ್ಟು ತುಂಬುತ್ತಿತ್ತೆಂದರೆ ರಾತ್ರಿ ಆ ಮಗ್ಗುಲಿಗೆ ಹೊರಳಲು ಆಗುತ್ತಿರಲಿಲ್ಲ. ಎಡಗಡೆ ದಿನದಿಂದ ದಿನಕ್ಕೆ ಇಳಿಯುತ್ತಿತ್ತು. ಕುರ್ತಾ ಹಾಕಿದರೆ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಇದೇ ಸ್ಥಿತಿಯಲ್ಲಿ ಆಫೀಸಿಗೆ ಹೋದರೆ ಎಡಗಡೆ ಪೂರ್ತಿ ಬತ್ತಿಬಿಡುತ್ತದೆ ಎಂದು ಹೆದರಿಕೆಯಾಗಿತ್ತು.

ಮೂರು ದಿನದ ಲೆಕ್ಕದ ಪುಸ್ತಕ

ಹಾಲು ಮಾಡು ಎಂದು ಹೇಳುವ ಹಾರ್ಮೋನು ಪ್ರೊಲ್ಯಾಕ್ಟಿನ್. ಅದು ರಕ್ತದಲ್ಲಿ ಬರುತ್ತದೆ, ಎರಡೂ ಕಡೆಗೆ ಸಿಗುವುದು ಅದೇ ರಕ್ತ. ಆದರೆ ಎಷ್ಟು ಮಾಡಬೇಕು ಎನ್ನುವುದನ್ನು ಆಯಾ ಎದೆ ತಾನೇ ನೋಡಿಕೊಳ್ಳುತ್ತದೆ. ಹಾಲು ತುಂಬಿಕೊಂಡು ನಿಂತರೆ ತಯಾರಿ ನಿಧಾನವಾಗುತ್ತದೆ. ಖಾಲಿಯಾದಷ್ಟೂ ಬೇಗ ಬೇಗ ತುಂಬುತ್ತದೆ. ಅಂದರೆ ಇವು ಒಂದೇ ಬ್ಯಾಂಕಿನ ಎರಡು ಬೇರೆ ಖಾತೆ. ಬಲದಲ್ಲಿ ವ್ಯವಹಾರ ನಡೆದರೆ ಎಡಕ್ಕೆ ಅದರ ಸುದ್ದಿ ಹೋಗುವುದಿಲ್ಲ.

ಹಾಗಾದರೆ ನನ್ನ ವ್ಯವಹಾರ ಯಾವ ಕಡೆ ನಡೆಯುತ್ತಿದೆ? ಹಳೇ ಡೈರಿಯಲ್ಲಿ ಮೂರು ದಿನ ಬರೆದೆ. ಗಂಟೆ, ಯಾವ ಕಡೆಯಿಂದ ಶುರು, ಯಾವ ಕಡೆ ಮುಗಿಯಿತು, ಎಲ್ಲಿ ಕೂತಿದ್ದೆ. ನೀವೂ ಇದನ್ನು ಮಾಡಿ. ಬೇರೆ ಏನನ್ನೂ ಬದಲಾಯಿಸದೆ ಮೂರು ದಿನ ಬರೀ ಬರೆಯಿರಿ. ನೆನಪಿನ ಮೇಲೆ ಹೇಳಿದರೆ ನಾನು "ಎರಡೂ ಕಡೆ ಸಮ ಕುಡಿಸ್ತೀನಿ" ಎಂದೇ ಹೇಳುತ್ತಿದ್ದೆ. ಡೈರಿ ಹೇಳಿದ್ದು ಬೇರೆ: 30 ಸಲದಲ್ಲಿ 21 ಸಲ ಬಲಗಡೆಯಿಂದಲೇ ಶುರು.

ಯಾಕೆ ಎಂದು ಹುಡುಕಿದಾಗ ನಗು ಬಂತು. ನಮ್ಮದು ಒಂದೇ ಬೆಡ್‌ರೂಮಿನ ಮನೆ. ಮಂಚ ಗೋಡೆಗೆ ಅಂಟಿಕೊಂಡಿದೆ. ಕೂಸು ಬೀಳಬಾರದು ಎಂದು ಗೋಡೆ ಕಡೆ ಮಲಗಿಸಿಕೊಳ್ಳುತ್ತಿದ್ದೆ. ಗೋಡೆ ಇರುವುದು ನನ್ನ ಬಲಕ್ಕೆ. ಬಲ ಮಗ್ಗುಲಲ್ಲಿ ಮಲಗಿ ಕುಡಿಸಿದರೆ ಸಿಗುವುದು ಬಲಗಡೆಯೇ. ರಾತ್ರಿಯ ಮೂರು ಸಲವೂ ಅದೇ ಕಡೆ. ರಾತ್ರಿ ಪ್ರೊಲ್ಯಾಕ್ಟಿನ್ ಜಾಸ್ತಿ ಇರುತ್ತದೆ, ಆಗ ಕುಡಿಸಿದ್ದಕ್ಕೆ ಬೆಲೆ ಹೆಚ್ಚು. ಅದನ್ನೆಲ್ಲ ಬಲಕ್ಕೇ ಕೊಟ್ಟಿದ್ದೆ.

ಎರಡನೆಯ ತಪ್ಪು ಇನ್ನೂ ದೊಡ್ಡದು. ಗೆಳತಿಯೊಬ್ಬಳು ಸಿಲಿಕಾನಿನ ಒಂದು ಬುಡ್ಡಿ ಕೊಟ್ಟಿದ್ದಳು. ಒತ್ತಿ ಅಂಟಿಸಿದರೆ ತಾನೇ ಹಿಡಿದುಕೊಂಡು ಹಾಲು ಎಳೆಯುತ್ತದೆ. ಕೂಸು ಒಂದು ಕಡೆ ಕುಡಿಯುವಾಗ ಹಾಲು ತೊರೆ ಬಿಡುವುದು ಎರಡೂ ಕಡೆ. ಸೋರಿ ಹೋಗುವ ಹಾಲು ಹಾಳಾಗಬಾರದು ಎಂದು, ಎಡಗಡೆ ಕುಡಿಸುವಾಗ ಈ ಬುಡ್ಡಿಯನ್ನು ಬಲಕ್ಕೆ ಹಾಕುತ್ತಿದ್ದೆ. ಸೋರುವುದನ್ನು ಮಾತ್ರ ಅದು ಹಿಡಿಯುತ್ತಿರಲಿಲ್ಲ. ಎಳೆದು 40 ಎಂ.ಎಲ್. ತೆಗೆಯುತ್ತಿತ್ತು. ಎಡದ ಸರದಿಯಲ್ಲೂ ಬಲಕ್ಕೆ ಗಿರಾಕಿ! "ಇನ್ನೂ ಬೇಕು" ಎಂದು ದಿನಕ್ಕೆ ನಾಲ್ಕು ಸಲ ನಾನೇ ಬಲಕ್ಕೆ ಹೇಳುತ್ತಿದ್ದೆ, ಆಮೇಲೆ ಬಲ ಜಾಸ್ತಿ ಯಾಕೆ ಎಂದು ಅಳುತ್ತಿದ್ದೆ. ಆ ಬುಡ್ಡಿ ನಿಮ್ಮಲ್ಲೂ ಇದ್ದರೆ ಹಾಲು ಕಡಿಮೆ ಇರುವ ಕಡೆಗೇ ಹಾಕಿ. ಜಾಸ್ತಿ ಇರುವ ಕಡೆ ಒಂದು ಮೆತ್ತನೆ ಬಟ್ಟೆ ಇಟ್ಟುಕೊಂಡರೆ ಸಾಕು.

ಮಲಗುವ ವಿಷಯಕ್ಕೆ ಸುಲಭ ಉಪಾಯ ತಲೆದಿಂಬನ್ನು ಮಂಚದ ಇನ್ನೊಂದು ತುದಿಗೆ ಹಾಕುವುದು. ಆಗ ಗೋಡೆ ಎಡಕ್ಕೆ ಬರುತ್ತದೆ. ದಿಂಬು ಎತ್ತಿದ ತಕ್ಷಣ ಅವ್ವ ಬಾಗಿಲಲ್ಲಿ ನಿಂತಳು. "ಉತ್ತರಕ್ಕ ತಲಿ ಹಾಕಿ ಬಾಣಂತಿ ಮಲಗತಾಳೇನ?" ವಾದ ಮಾಡುವ ಶಕ್ತಿ ಇರಲಿಲ್ಲ. ಗಾದಿಯನ್ನು ನೆಲಕ್ಕೆ ಇಳಿಸಿ, ಗೋಡೆಯಿಂದ ದೂರ, ಪೂರ್ವಕ್ಕೆ ತಲೆ ಹಾಕಿದೆವು. ಗೋಡೆಗೂ ಗಾದಿಗೂ ನಡುವಿನ ಸಂದಿ ಕೂಸಿಗೆ ಅಪಾಯ ಎಂದು ಮಕ್ಕಳ ಡಾಕ್ಟರೂ ಹೇಳಿದ್ದರು, ಅದೂ ತಪ್ಪಿತು.

ಮೊದಲು ಮಷಿನ್ ನೋಡಿ

ಎದೆಯನ್ನು ಬೈಯುವ ಮೊದಲು ಪಂಪಿನ ಭಾಗಗಳನ್ನು ನೋಡಬೇಕು. ಇದನ್ನು ನಾನು ಮಾಡಿದ್ದು ತಡವಾಗಿ, ಆದರೆ ನೀವು ಮೊದಲೇ ಮಾಡಿ.

ಪರೀಕ್ಷೆ ಸುಲಭ. ಒಂದು ಸಲ ಎಡದ ಕಪ್ಪು (ಎದೆಗೆ ಹಿಡಿಯುವ ಭಾಗ), ಪೈಪು, ಬಾಟಲಿ ಎಲ್ಲವನ್ನೂ ಬಲಕ್ಕೆ ಹಾಕಿ, ಬಲದ್ದನ್ನು ಎಡಕ್ಕೆ ಹಾಕಿ ಪಂಪ್ ಮಾಡಿ. ಕಡಿಮೆ ಹಾಲು ಎಡದಲ್ಲೇ ಉಳಿದರೆ ವಿಷಯ ಎದೆಯದು. ಸೆಟ್ಟಿನ ಜೊತೆ ಅದೂ ಬಲಕ್ಕೆ ಬಂದರೆ ವಿಷಯ ಮಷಿನ್ನಿನದು. ನನಗೆ ಎರಡೂ ಬೆರೆತು ಬಂತು: ಎಡ 25 ಇದ್ದದ್ದು 38 ಆಯಿತು, ಬಲ 90 ಇದ್ದದ್ದು 70ಕ್ಕೆ ಇಳಿಯಿತು.

ಬಿಚ್ಚಿ ನೋಡಿದರೆ ಎಡದ ಸೆಟ್ಟಿನ ವಾಲ್ವ್ ಹರಿದಿತ್ತು. ಬಾತುಕೋಳಿ ಕೊಕ್ಕಿನ ಹಾಗಿರುವ ಚಿಕ್ಕ ರಬ್ಬರಿನ ತುಂಡು ಅದು. ತುದಿಯಲ್ಲಿ ಒಂದು ಸೀಳು ಇರುತ್ತದೆ, ಎಳೆದಾಗ ಮುಚ್ಚಿ, ಬಿಟ್ಟಾಗ ತೆರೆಯಬೇಕು. ನಾನು ತೊಳೆಯುವಾಗ ಬ್ರಷ್ಷಿನ ತುದಿಯಿಂದ ತಿವಿದು ತಿವಿದು ಸೀಳನ್ನು ದೊಡ್ಡದು ಮಾಡಿದ್ದೆ. ಕಿಟಕಿಯ ಬೆಳಕಿಗೆ ಹಿಡಿದರೆ ಬಾಯಿ ಬಿಟ್ಟುಕೊಂಡೇ ಇತ್ತು. ಗಾಳಿ ಸೋರಿದರೆ ಎಳೆತ ಎಲ್ಲಿಂದ ಬರಬೇಕು? ಇದಕ್ಕೆ ಬ್ರಷ್ ಹಾಕಬೇಡಿ, ಸೋಪು ನೀರಲ್ಲಿ ಅಲ್ಲಾಡಿಸಿ, ಬೆರಳಲ್ಲಿ ಮೆಲ್ಲಗೆ ಉಜ್ಜಿ. ದಿನಾ ಬಳಸುವವರು ಒಂದರಿಂದ ಮೂರು ತಿಂಗಳಿಗೊಮ್ಮೆ ಹೊಸದು ಹಾಕಬೇಕು. ಸಣ್ಣ ಖರ್ಚು, ದೊಡ್ಡ ಸಮಾಧಾನ.

ಆಮೇಲೆ ಕಪ್ಪಿನ ಅಳತೆ, ಅಂದರೆ ತೊಟ್ಟು ಒಳಗೆ ಹೋಗುವ ಕೊಳವೆಯ ಅಗಲ. ಪಂಪ್ ಮಾರಿದ ಅಂಗಡಿಯವರು "ಎಲ್ಲರಿಗೂ 24 ಎಂ.ಎಂ. ಆಗುತ್ತೆ ಮೇಡಂ" ಎಂದು ಕೊಟ್ಟಿದ್ದರು. ಆಗುವುದಿಲ್ಲ. ಸ್ಕೇಲು ತೆಗೆದುಕೊಂಡು, ಪಂಪ್ ಮಾಡುವ ಮೊದಲು, ಮೊಲೆತೊಟ್ಟಿನ ಬುಡದ ಅಗಲ ಅಳೆಯಿರಿ. ಸುತ್ತಲಿನ ಕಪ್ಪು ಬಣ್ಣದ ಚರ್ಮ ಸೇರಿಸಬೇಡಿ. ಆ ಅಗಲಕ್ಕಿಂತ ಒಂದರಿಂದ ನಾಲ್ಕು ಮಿಲಿಮೀಟರ್ ದೊಡ್ಡ ಕಪ್ಪು ಸಾಮಾನ್ಯವಾಗಿ ಹೊಂದುತ್ತದೆ. ಎರಡೂ ಕಡೆ ಬೇರೆ ಬೇರೆ ಅಳೆಯಿರಿ. ನನ್ನದು ಬಲ 18, ಎಡ 15. 24ರ ಕಪ್ಪಿನಲ್ಲಿ ಎಡದ ತೊಟ್ಟಿನ ಜೊತೆ ಸುತ್ತಲಿನ ಚರ್ಮವೂ ಒಳಗೆ ಹೋಗಿ ಉಬ್ಬಿ ನೋಯುತ್ತಿತ್ತು. ಬಲಕ್ಕೆ 21, ಎಡಕ್ಕೆ 19ರ ಒಳಕಪ್ಪು (ಕಪ್ಪಿನೊಳಗೆ ಕೂರಿಸುವ ಸಣ್ಣ ಕೊಳವೆ) ಹಾಕಿದೆ. ನೋವು ಅವತ್ತೇ ಹೋಯಿತು.

ಎಳೆತ ಜಾಸ್ತಿ ಇಟ್ಟರೆ ಹಾಲು ಜಾಸ್ತಿ ಬರುತ್ತದೆ ಎನ್ನುವುದು ಸುಳ್ಳು. ನೋವಾದರೆ ತೊರೆ ಬಿಡುವುದೇ ನಿಲ್ಲುತ್ತದೆ. ಹಲ್ಲು ಕಚ್ಚದೆ ಎಷ್ಟು ತಡೆದುಕೊಳ್ಳಬಹುದೋ ಅಷ್ಟೇ ಇಡಿ.

ಎಡಕ್ಕೆ ಮಾಡಿದ ಸೇವೆ

ಇಷ್ಟು ಸರಿ ಮಾಡಿದ ಮೇಲೆ ಅಂದಾಜು ಎಡ 38, ಬಲ 80. ಅಲ್ಲಿಂದ ಮುಂದೆ ಮೂರು ವಾರ ಏನು ಮಾಡಿದೆ ಎಂದು ಹೇಳುತ್ತೇನೆ.

ಪ್ರತಿ ಸಲ ಎಡದಿಂದಲೇ ಶುರು. ಹಸಿದ ಕೂಸು ಮೊದಲ ಐದು ನಿಮಿಷ ಜೋರಾಗಿ ಎಳೆಯುತ್ತದೆ, ಆ ಜೋರು ಎಡಕ್ಕೆ ಸಿಗಬೇಕು. ಅದು ನಿಧಾನವಾದಾಗ ಎದೆಯನ್ನು ಅಂಗೈಯಿಂದ ಮೆತ್ತಗೆ ಒತ್ತಿ ಹಿಡಿಯುತ್ತಿದ್ದೆ, ಹಾಲು ಬಾಯಿಗೆ ಬಂದ ಕೂಡಲೇ ಮತ್ತೆ ನುಂಗುತ್ತಿತ್ತು. ಪೂರ್ತಿ ನಿಲ್ಲಿಸಿದ ಮೇಲೆ ಬಲ. ಬಲ ಕೊಡದೆ ಬಿಡಬೇಡಿ. ಎಡವನ್ನು ಸುಧಾರಿಸುವ ಹಟದಲ್ಲಿ ಕೂಸನ್ನು ಉಪವಾಸ ಕೆಡವುವುದು ಬೇಡ. ಬಲ ಮುಗಿದ ಮೇಲೆ ಒಮ್ಮೊಮ್ಮೆ ಮತ್ತೆ ಎಡಕ್ಕೆ ಹಾಕುತ್ತಿದ್ದೆ. ಹಾಲು ಹೆಚ್ಚು ಸಿಗದಿದ್ದರೂ ಚೀಪುತ್ತಾ ಅಲ್ಲೇ ನಿದ್ದೆ ಹೋಗುತ್ತಿತ್ತು.

ಕೂಸು ಕುಡಿದ ಮೇಲೆ ದಿನಕ್ಕೆ ಮೂರು ನಾಲ್ಕು ಸಲ, ಎಡಕ್ಕೆ ಮಾತ್ರ, ಹತ್ತು ನಿಮಿಷ ಪಂಪ್. ಮೊದಲ ನಾಲ್ಕು ದಿನ ಇದರಲ್ಲಿ ಬಂದದ್ದು ಬಾಟಲಿಯ ತಳ ಒದ್ದೆಯಾಗುವಷ್ಟು. ಖಾಲಿ ಬಾಟಲಿ ನೋಡಿ ಬಿಡಬೇಡಿ. ಆ ಹತ್ತು ನಿಮಿಷ ಹಾಲಿಗಾಗಿ ಅಲ್ಲ, ನಾಳೆಗೆ ಆರ್ಡರ್ ಕೊಡುವುದಕ್ಕಾಗಿ. ನಾನು ಬಾಟಲಿಗೆ ಮಗಳ ಕಾಲುಚೀಲ ಹಾಕಿ ಮುಚ್ಚಿಬಿಟ್ಟಿದ್ದೆ, ಎಷ್ಟು ಬಂತೆಂದು ಕಾಣದ ಹಾಗೆ.

ಇನ್ನೊಂದು ಉಪಾಯ ನನಗೆ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿತು. ಬೆಳಗಿನ ಐದೂವರೆಯ ಸರದಿಯಲ್ಲಿ ಮಾತ್ರ ಕೂಸಿಗೆ ಬಲ ಕೊಟ್ಟು, ಅದೇ ಹೊತ್ತಿಗೆ ಎಡಕ್ಕೆ ಪಂಪ್ ಹಾಕುತ್ತಿದ್ದೆ. ಕೂಸು ಎಳೆದಾಗ ತೊರೆ ಬಿಡುವುದು ಎರಡೂ ಕಡೆ ಎಂದೆನಲ್ಲ, ಅದರ ಲಾಭ ಎಡದ ಪಂಪಿಗೆ. ಒಬ್ಬಳೇ ಮಾಡುವುದು ಕಷ್ಟ. ಅವ್ವ ಪಕ್ಕದಲ್ಲಿ ಕೂತು ಕಪ್ಪು ಹಿಡಿದುಕೊಳ್ಳುತ್ತಿದ್ದಳು, ಕಣ್ಣು ಮುಚ್ಚಿಕೊಂಡು ತೂಕಡಿಸುತ್ತಾ.

ಭಾನುವಾರ ಒಂದು ತಾಸು ಹೀಗೆ: 20 ನಿಮಿಷ ಪಂಪ್, 10 ನಿಮಿಷ ಬಿಡುವು, 10 ಪಂಪ್, 10 ಬಿಡುವು, 10 ಪಂಪ್. ಪವರ್ ಪಂಪಿಂಗ್ ಎನ್ನುತ್ತಾರೆ. ಕೂಸು ಬೆಳೆಯುವ ದಿನಗಳಲ್ಲಿ ಗಳಿಗೆಗೊಮ್ಮೆ ಕುಡಿಯುತ್ತದಲ್ಲ, ಅದರ ನಕಲು ಇದು. ದಿನಾ ಮಾಡುವವರೂ ಇದ್ದಾರೆ, ನನ್ನ ಕೈಲಿ ಆಗಲಿಲ್ಲ.

ಡೈರಿಯಲ್ಲಿ ಬೆಳಗಿನ ಅಂಕಿ: ಮೊದಲ ವಾರ 38, 36, 40. ಏನೂ ಇಲ್ಲ. ಹತ್ತನೇ ದಿನ 47. ಮೂರನೇ ವಾರದ ಕೊನೆಗೆ 58, ಆಗ ಬಲ 80. ಅಲ್ಲಿಗೆ ನಿಂತಿತು. ಮುಂದೆ ಎಷ್ಟು ಮಾಡಿದರೂ ಎಡ 60 ದಾಟಲಿಲ್ಲ, ನಾನೂ ಕೇಳಲಿಲ್ಲ.

ಕೂಸೇ ಎಡಗಡೆ ಬೇಡ ಎಂದು ಹಟ ಮಾಡಿದರೆ ಒಂದು ದಾರಿ ಇದೆ. ಬಲಗಡೆ ಕುಡಿಸಿ, ಮಗುವನ್ನು ತಿರುಗಿಸದೆ, ಅದೇ ಮಗ್ಗುಲಲ್ಲಿ ಹಾಗೇ ಎಡಕ್ಕೆ ಸರಿಸಿ. ಕಾಲುಗಳು ನಿಮ್ಮ ಎಡ ಕಂಕುಳ ಕೆಳಗಿಂದ ಹಿಂದಕ್ಕೆ ಹೋಗಬೇಕು, ಮಡಿಲಿಗೆ ದಿಂಬು ಬೇಕು. ಕೂಸಿಗೆ ಕಡೆ ಬದಲಾದದ್ದೇ ಗೊತ್ತಾಗುವುದಿಲ್ಲ. ಯಾವಾಗಲೂ ಒಂದೇ ಕಡೆ ಕತ್ತು ತಿರುಗಿಸುವ ಕೂಸಾದರೆ ಕತ್ತಿನ ಸ್ನಾಯು ಬಿಗಿದಿದೆಯಾ, ಕಿವಿ ನೋವಿದೆಯಾ ಎಂದು ಡಾಕ್ಟರಿಗೆ ತೋರಿಸಿ. ಲಸಿಕೆ ಹಾಕಿಸಿದ ದಿನ ಚುಚ್ಚಿದ ತೊಡೆ ಕೆಳಗೆ ಬಂದರೂ ಅಳುತ್ತದೆ.

ಬಲಗಡೆಯನ್ನು ಮರೆತರೆ

ಎಡದ ಸೇವೆಯ ಎರಡನೇ ವಾರ ಬಲ ತಿರುಗಿ ಬಿತ್ತು. ಕಲ್ಲಿನ ಹಾಗೆ ಕಟ್ಟಿಕೊಂಡಿತು. ತಡೆಯಲಾರದೆ ಪಂಪ್ ಹಾಕಿ ಪೂರ್ತಿ ಬರಿದು ಮಾಡಿದೆ. ಹಾಯೆನಿಸಿತು. ಮರುದಿನ ಅದೇ ಹೊತ್ತಿಗೆ ಇನ್ನೂ ಜಾಸ್ತಿ ಕಟ್ಟಿತು. ಬರಿದು ಮಾಡಿದ್ದು ಎಂದರೆ "ಇಷ್ಟೂ ಬೇಕು" ಎಂದು ಹೇಳಿದ ಹಾಗೆ, ಅಲ್ವಾ? ಕಟ್ಟಿಕೊಂಡಾಗ ಕೈಯಿಂದ ಹಿಂಡಿ, ಬಿಗಿ ಸಡಿಲವಾಗುವಷ್ಟೇ ತೆಗೆಯಿರಿ. ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ, ತೊಟ್ಟಿನ ಸುತ್ತಲಿನ ಕಪ್ಪು ಚರ್ಮದ ಅಂಚಿನಿಂದ ಸ್ವಲ್ಪ ಹಿಂದೆ ಇಟ್ಟು, ಮೊದಲು ಎದೆಗೂಡಿನ ಕಡೆ ಒತ್ತಿ, ಆಮೇಲೆ ಬೆರಳು ಕೂಡಿಸಿ, ಬಿಡಿ. ಚರ್ಮದ ಮೇಲೆ ಬೆರಳು ಜಾರಬಾರದು. ಎರಡು ಮೂರು ಚಮಚ ಬಂದರೆ ಸಾಕು.

ಆಮೇಲೆ ಬಲದ ಹೊರಗಡೆ ಒಂದು ಗಂಟು, ಸುತ್ತ ಕೆಂಪು. ಎದುರು ಮನೆಯ ಕಾಕು ಬಿಸಿನೀರ ಶಾಖ ಕೊಟ್ಟು ಗಟ್ಟಿಯಾಗಿ ತಿಕ್ಕು ಎಂದರು. ಅವರು ಹೇಳಿದ್ದು ಪ್ರೀತಿಯಿಂದ, ನಾನು ತಿಕ್ಕಿದ್ದು ಭಯದಿಂದ. ಸಂಜೆಗೆ ಚಳಿ, 102 ಜ್ವರ. ಡಾಕ್ಟರು ಹೇಳಿದ್ದು ಪೂರ್ತಿ ಉಲ್ಟಾ: ಬಟ್ಟೆಯಲ್ಲಿ ಸುತ್ತಿದ ಐಸು ಇಡಿ, ತಿಕ್ಕಬೇಡಿ, ಎಂದಿನ ಹಾಗೆ ಕುಡಿಸಿ, ಹೆಚ್ಚುವರಿ ಪಂಪ್ ಬೇಡವೇ ಬೇಡ. ಹಿಂದೆ ಎಲ್ಲರೂ ಶಾಖ, ಮಸಾಜ್ ಎನ್ನುತ್ತಿದ್ದರು. 2022ರಲ್ಲಿ ಎದೆಹಾಲಿನ ವೈದ್ಯರ ಅಂತರರಾಷ್ಟ್ರೀಯ ಸಂಸ್ಥೆಯೊಂದು ಹೊರತಂದ ಸೂಚನೆಯಲ್ಲೂ ತಂಪು ಮತ್ತು ಹಗುರ ಕೈ ಎಂದೇ ಇದೆ, ಬಲವಾಗಿ ತಿಕ್ಕಿದರೆ ಒಳಗಿನ ಊತ ಹೆಚ್ಚುತ್ತದೆ. ಒಂದು ದಿನದಲ್ಲಿ ಜ್ವರ ಇಳಿಯದಿದ್ದರೆ, ಮೈ ತೀರಾ ಸೋತರೆ, ಕಾಯಬೇಡಿ. ಆಂಟಿಬಯಾಟಿಕ್ ಬೇಕಾಗಬಹುದು. ನನಗೆ ಬೇಕಾಯಿತು. ಹಾಲುಣಿಸುವವರಿಗೆ ಕೊಡುವಂಥದ್ದು ಇವೆ, ಕುಡಿಸುವುದು ನಿಲ್ಲಿಸಬೇಕಿಲ್ಲ.

ಆಫೀಸ್ ಶುರುವಾದ ಮೊದಲ ವಾರ ಬಲದ್ದೇ ಇನ್ನೊಂದು ಕಥೆ. ಬೆಳಗಿನ ಸ್ಲೋ ಲೋಕಲ್ ರೈಲು, ಲೇಡೀಸ್ ಡಬ್ಬಿ. ಕುರ್ಲಾದಲ್ಲಿ ಯಾರದೋ ಕೈಕೂಸು ಅತ್ತಿತು. ನನ್ನ ಬಲಗಡೆ ಚುಳ್ ಎಂದು ತೊರೆ ಬಿಟ್ಟಿತು. ದುಪಟ್ಟಾ ಎಳೆದುಕೊಳ್ಳುವಷ್ಟರಲ್ಲಿ ಕುರ್ತಾ ಒದ್ದೆ. ಮೂವರ ಸೀಟಿನಲ್ಲಿ ಕೂತಿದ್ದ ಹೆಂಗಸೊಬ್ಬರು ಕಣ್ಣಲ್ಲೇ ನೋಡಿ, ಸರಿದು, ನಾಲ್ಕನೇ ಸೀಟು ಕೊಟ್ಟರು. "ಬಸ್ ಗ. ಬಾಳಂತೀಣ್ ಆಹೇಸ್ ನಾ?" (ಕೂತ್ಕೋ, ಬಾಣಂತಿ ಅಲ್ವಾ ನೀನು?) ಬಾಣಂತಿ ಎನ್ನುವುದು ಮರಾಠಿಯಲ್ಲೂ ಹೆಚ್ಚು ಕಡಿಮೆ ಅದೇ ಮಾತು ಎಂದು ಅವತ್ತು ಖುಷಿಯಾಯಿತು. ಕೈಕಟ್ಟಿ ಕೂತು ಅಂಗೈಯಿಂದ ಎದೆಯನ್ನು ನೇರವಾಗಿ ಒಳಕ್ಕೆ ಅದುಮು, ನಿಲ್ಲುತ್ತದೆ ಎಂದು ಅವರೇ ತೋರಿಸಿಕೊಟ್ಟರು. ಮುಂದಿನ ಸ್ಟೇಷನ್ ಸಯನ್ ಬರುವಷ್ಟರಲ್ಲಿ ನಿಂತಿತ್ತು. ಇದು ತುರ್ತಿಗೆ ಮಾತ್ರ, ದಿನಾ ಮಾಡುವುದಲ್ಲ. ಅವತ್ತಿನಿಂದ ಬ್ಯಾಗಿನಲ್ಲಿ ಪ್ಯಾಡು, ಇನ್ನೊಂದು ಗಾಢ ಬಣ್ಣದ ಕುರ್ತಾ.

ಸಯನ್ ಎಂದಾಗ ನೆನಪಾಯಿತು. ಬಲದ ಹಾಲು ಫ್ರೀಜರ್ ತುಂಬಿ ಏನು ಮಾಡಲಿ ಎನ್ನುವವರಿಗೆ, ಅಲ್ಲಿನ ಲೋಕಮಾನ್ಯ ತಿಲಕ್ ಆಸ್ಪತ್ರೆಯಲ್ಲಿ 1989ರಲ್ಲಿ ಶುರುವಾದ ಎದೆಹಾಲಿನ ಬ್ಯಾಂಕ್ ಇದೆ. ಏಷ್ಯಾದಲ್ಲೇ ಮೊದಲನೆಯದು. ಡಾಕ್ಟರ್ ಅರ್ಮಿಡಾ ಫರ್ನಾಂಡಿಸ್ ಕಟ್ಟಿದ್ದು. ಇಂಥ ಬ್ಯಾಂಕುಗಳಲ್ಲಿ ಕೊಡುವವರ ರಕ್ತಪರೀಕ್ಷೆ ಮಾಡುತ್ತಾರೆ, ಹಾಲನ್ನು 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, ತಿಂಗಳು ತುಂಬದೆ ಹುಟ್ಟಿದ ಕೂಸುಗಳಿಗೆ ಕೊಡುತ್ತಾರೆ. ಆದರೆ ದಾನ ಮಾಡಲೆಂದೇ ಬಲವನ್ನು ಇನ್ನಷ್ಟು ಪಂಪ್ ಮಾಡಬೇಡಿ, ನಿಮ್ಮ ಲೆಕ್ಕ ಮತ್ತೆ ಕೆಡುತ್ತದೆ.

ಆಫೀಸು, ಫ್ರಿಜ್ಜು, ಲಡ್ಡು

ಪರೇಲ್‌ನ ಆಫೀಸಿನಲ್ಲಿ ಕೋಣೆ ಇರಲಿಲ್ಲ. ಹಳೇ ವೋಚರ್ ಫೈಲುಗಳ ಸ್ಟೋರ್‌ರೂಮಿಗೆ ಒಳಗಿಂದ ಚಿಲಕ ಹಾಕಿಸಿಕೊಂಡೆ. ಮಗುವಿಗೆ 15 ತಿಂಗಳಾಗುವ ತನಕ ದಿನಕ್ಕೆ ಎರಡು ಹಾಲುಣಿಸುವ ಬಿಡುವು ಎಂದು ಕಾನೂನಿನಲ್ಲೇ ಬರೆದಿದೆ. ಎಚ್‌ಆರ್‌ನವರ ಮುಂದೆ ಸಂಕೋಚ ಬೇಡ. ಹನ್ನೊಂದೂವರೆಗೆ, ಮೂರೂವರೆಗೆ ಎರಡೂ ಕಡೆ ಒಟ್ಟಿಗೆ ಪಂಪ್. ಬಲ ಹನ್ನೆರಡು ನಿಮಿಷಕ್ಕೆ ನಿಲ್ಲಿಸಿ, ಎಡ ಇಪ್ಪತ್ತು ನಿಮಿಷ. ಎರಡೂ ಕಡೆಯ ಹಾಲು ಒಂದೇ ಡಬ್ಬಿಗೆ ಹಾಕಬಹುದು, ಬಿಸಿ ಹಾಲನ್ನು ಮೊದಲು ತಣ್ಣಗೆ ಮಾಡಿ ಸೇರಿಸಿ. ಹಿಂಡಿದ ಹಾಲು 25 ಡಿಗ್ರಿ ಒಳಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ ಇರುತ್ತದೆ. ಮೇ ತಿಂಗಳ ಮುಂಬೈಯಲ್ಲಿ ಆ ನಾಲ್ಕು ಗಂಟೆ ನಂಬಬೇಡಿ. ಐಸ್ ಪ್ಯಾಕ್ ಇಟ್ಟ ಬ್ಯಾಗಿನಲ್ಲಿ ಒಂದು ದಿನ ತಡೆಯುತ್ತದೆ, ನಾನು ಲೋಕಲ್‌ನಲ್ಲಿ ಹಾಗೇ ತರುತ್ತಿದ್ದೆ.

ತಿನ್ನುವುದು. ಕಾಕು ಅಳೀವ್ (ಆಳ್ವಿ ಬೀಜ) ಲಡ್ಡು ಕೊಟ್ಟರು, ಅವ್ವ ಅಂಟಿನುಂಡೆ ಕಟ್ಟಿದಳು, ಸಬ್ಬಸಿಗೆ ಪಲ್ಯ ದಿನಾ. ಎಲ್ಲ ತಿಂದೆ, ರುಚಿಯಾಗಿತ್ತು. ಆದರೆ ಸಬ್ಬಸಿಗೆಗೆ ಎಡ ಬಲ ಗೊತ್ತಿಲ್ಲ. ಹೊಟ್ಟೆಗೆ ಹೋದದ್ದು ಎರಡೂ ಕಡೆ ಹೋಗುತ್ತದೆ. ಹಾಲು ಹೆಚ್ಚಿಸುವ ಮಾತ್ರೆ, ಪುಡಿ ಡಾಕ್ಟರನ್ನು ಕೇಳದೆ ಬೇಡ.

ಇವಕ್ಕೆ ಮಾತ್ರ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ: ಒಂದೆರಡು ವಾರವಾದರೂ ಕರಗದ ಗಂಟು, ತೊಟ್ಟಿನಿಂದ ರಕ್ತ, ಚರ್ಮ ಒಳಕ್ಕೆ ಎಳೆದ ಹಾಗಾಗುವುದು, ಅಥವಾ ಚೆನ್ನಾಗಿ ಕುಡಿಯುತ್ತಿದ್ದ ಕೂಸು ಕಾರಣವಿಲ್ಲದೆ ಒಂದೇ ಕಡೆಯನ್ನು ಬಿಟ್ಟುಬಿಡುವುದು. ಬಹಳ ಸಲ ಏನೂ ಇರುವುದಿಲ್ಲ. ಹಾಲುಣಿಸುವಾಗಲೂ ಸ್ಕ್ಯಾನ್ ಮಾಡಬಹುದು.

ಮಗಳಿಗೆ ಈಗ ಒಂಬತ್ತು ತಿಂಗಳು. ಎಡ 50, ಬಲ 75. ಅವ್ವ ಊರಿಗೆ ಹೋಗಿದ್ದಾಳೆ, ಫೋನಿನಲ್ಲಿ "ಮುಂದಿನ ಮೊಲಿ ಹೆಂಗದಾವ?" ಎಂದು ಕೇಳುತ್ತಾಳೆ. ಎಡದ ಹೆಚ್ಚುವರಿ ಪಂಪ್ ನಿಲ್ಲಿಸಿದ್ದೇನೆ. ನೀವು ನಿಲ್ಲಿಸುವಾಗ ಒಂದೇ ದಿನ ಎಲ್ಲ ಬಿಡಬೇಡಿ. ನಾಲ್ಕು ಸಲದ್ದನ್ನು ಮೂರು ಮಾಡಿ, ನಾಲ್ಕೈದು ದಿನ ನೋಡಿ, ಆಮೇಲೆ ಎರಡು. ಬೆಳಗಿನದನ್ನು ಕೊನೆಗೆ ಬಿಡಿ.